ಕೆಲಸಕ್ಕೊಂದು ಭಾಷೆ

ಕಾಲೇಜಿನ ಯಾವುದಾದರೂ ಅರ್ಜಿಯಲ್ಲಿ ನೀವು ತುಂಬಿದ ವಿಳಾಸವನ್ನು ಒಮ್ಮೆ ನಿಧಾನವಾಗಿ ಓದಿ. ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್. ಇದರಲ್ಲಿ ‘ಗ್ರಾಮ’ ಸಂಸ್ಕೃತದ್ದು. ‘ಹೋಬಳಿ’ ಕನ್ನಡದ್ದು. ‘ತಾಲ್ಲೂಕು’ ಮತ್ತು ‘ಜಿಲ್ಲೆ’ ಅರಬ್ಬಿಯಲ್ಲಿ ಹುಟ್ಟಿ ಫಾರ್ಸಿಯ ಮೂಲಕ ಬಂದವು. ‘ಪಿನ್‌ಕೋಡ್’ ಇಂಗ್ಲಿಷಿನದು. ಕಡೂರಿನವರಾಗಲಿ, ತರೀಕೆರೆಯವರಾಗಲಿ, ಇತ್ತೀಚೆಗೆ ತರೀಕೆರೆಯಿಂದ ಬೇರೆಯಾಗಿ ಸ್ವಂತ ತಾಲ್ಲೂಕು ಆದ ಅಜ್ಜಂಪುರದವರಾಗಲಿ, ಮೂರೇ ಸಾಲಿನ ವಿಳಾಸಕ್ಕೆ ನಮಗೆಲ್ಲ ಇಷ್ಟೊಂದು ಭಾಷೆ ಬೇಕು.

ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ‘ತಾಲ್ಲುಖ್’ ಎಂದರೆ ನಮಗೆ ಸಂಬಂಧ, ನಂಟು. ಒಂದು ಕಚೇರಿಗೆ ಸಂಬಂಧಪಟ್ಟ ಪ್ರದೇಶವೇ ತಾಲ್ಲೂಕು. ಈ ಪದ ಕನ್ನಡದ ಅರ್ಜಿಯೊಳಗೆ ಹೇಗೆ ಬಂತು ಎಂದು ಹುಡುಕಿಕೊಂಡು ಹೋದಾಗ ಸಿಕ್ಕಿದ ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಹಿಂದಿನ ರಾಜ್ಯಗಳು ಒಂದೇ ಭಾಷೆಯಿಂದ ನಡೆಯುತ್ತಿರಲಿಲ್ಲ. ಲೆಕ್ಕಕ್ಕೆ ಒಂದು, ಸಂತೆಗೆ ಒಂದು, ಪರರಾಜ್ಯದ ಪತ್ರಕ್ಕೆ ಇನ್ನೊಂದು, ಹೀಗೆ ಕೆಲಸಕ್ಕೊಂದು ಭಾಷೆ ಇತ್ತು. ಈ ಭಾಷೆಗಳ ನಡುವೆ ನಿಂತು ಓದಿ ಹೇಳಬಲ್ಲವನ ಕೈಯಲ್ಲಿ ಬಹಳ ಅಧಿಕಾರ ಇರುತ್ತಿತ್ತು.

ದೂರದ ಒಂದು ಉದಾಹರಣೆ

ವಾಣಿಜ್ಯ ವಿಭಾಗದಲ್ಲಿ ಇತಿಹಾಸ ತೆಗೆದುಕೊಂಡವರು ಕ್ರುಸೇಡ್ ಅಂದರೆ ಯುದ್ಧ ಎಂದಷ್ಟೇ ಓದಿರುತ್ತಾರೆ. ಆದರೆ 1099ರಲ್ಲಿ ಜೆರುಸಲೇಮನ್ನು ಗೆದ್ದ ಯುರೋಪಿನವರು ಆ ಕರಾವಳಿಯಲ್ಲಿ 1291ರವರೆಗೆ ಸುಮಾರು ಇನ್ನೂರು ವರ್ಷ ಆಳಿದರು. ಇನ್ನೂರು ವರ್ಷ ಯುದ್ಧವನ್ನೇ ಮಾಡುತ್ತಾ ಕೂರಲು ಯಾರಿಂದಲೂ ಆಗುವುದಿಲ್ಲ. ತೆರಿಗೆ ಎತ್ತಬೇಕು, ವ್ಯಾಪಾರ ನಡೆಯಬೇಕು, ನೆರೆಯ ಸುಲ್ತಾನರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು. ಅವರ ದಾನಪತ್ರಗಳು ಲ್ಯಾಟಿನ್‌ನಲ್ಲಿದ್ದವು, ಅರಮನೆಯ ಮಾತು ಫ್ರೆಂಚ್ ಆಗಿತ್ತು, ಬಂದರಿನಲ್ಲಿ ಜಿನೋವಾ, ಪೀಸಾ, ವೆನಿಸ್‌ನ ವರ್ತಕರು ತಮ್ಮ ತಮ್ಮ ಇಟಲಿಯ ಮಾತು ಆಡುತ್ತಿದ್ದರು. ಊರಿನ ಜನರ ಭಾಷೆ ಅರಬ್ಬಿ.

1184ರಲ್ಲಿ ಆಂದಲೂಸಿನ ಯಾತ್ರಿಕ ಇಬ್ನ್ ಜುಬೈರ್ ಆ ರಾಜ್ಯದ ಅಕ್ಕಾ ಬಂದರಿಗೆ ಬಂದರು. ಅಲ್ಲಿನ ಸುಂಕದ ಕಟ್ಟೆಯಲ್ಲಿ ಕೂತಿದ್ದ ಗುಮಾಸ್ತರು ಕ್ರೈಸ್ತರು. ಆದರೆ ಅವರು ಬರೆಯುತ್ತಿದ್ದದ್ದೂ ಮಾತಾಡುತ್ತಿದ್ದದ್ದೂ ಅರಬ್ಬಿ. ಸುಂಕದ ಗುತ್ತಿಗೆ ಹಿಡಿದ ಮುಖ್ಯಸ್ಥನನ್ನು ‘ಸಾಹಿಬ್’ ಎನ್ನುತ್ತಿದ್ದರು. ದೊರೆ ಫ್ರೆಂಚ್ ಮಾತಾಡಿದರೂ ಸುಂಕದ ಲೆಕ್ಕ ಅರಬ್ಬಿಯಲ್ಲೇ ನಡೆಯುತ್ತಿತ್ತು, ಏಕೆಂದರೆ ಸರಕು ತರುವ ವ್ಯಾಪಾರಿಗೆ ಗೊತ್ತಿದ್ದದ್ದು ಅದೇ. ಆ ಕಟ್ಟೆಯ ಹೆಸರು ‘ದೀವಾನ್’. ಅದೇ ಪದ ಇಟಲಿಗೆ ಹೋಗಿ ‘ದೊಗಾನಾ’, ಅಂದರೆ ಸುಂಕದ ಕಚೇರಿ ಆಯಿತು. ನಮ್ಮ ಕಡೆಗೆ ಬಂದು ಮೈಸೂರಿನ ‘ದಿವಾನರು’ ಆಯಿತು.

ಪೇಟೆಯಲ್ಲಿ ವ್ಯಾಪಾರದ ಜಗಳ ತೀರಿಸಲು ಒಂದು ನ್ಯಾಯಸ್ಥಾನವೂ ಇತ್ತು. ಅದರ ಆರು ಜನ ಪಂಚರಲ್ಲಿ ನಾಲ್ವರು ಸಿರಿಯಾದವರು, ಇಬ್ಬರು ಮಾತ್ರ ಯುರೋಪಿನವರು. ಪ್ರಮಾಣ ಮಾಡುವಾಗ ಮುಸ್ಲಿಮನು ಕುರ್‌ಆನ್ ಮೇಲೆ, ಯಹೂದಿಯು ತೋರಾ ಮೇಲೆ ಪ್ರಮಾಣ ಮಾಡಬಹುದಿತ್ತು. ಧರ್ಮಕ್ಕಾಗಿ ಯುದ್ಧ ಹೂಡಿ ಬಂದವರು ವ್ಯಾಪಾರಕ್ಕಾಗಿ ಇಷ್ಟು ಒಪ್ಪಿಕೊಂಡಿದ್ದರು. ನಮ್ಮ ಕರ್ನಾಟಕದ ರಾಜ್ಯಗಳಲ್ಲಿ ಇದು ಹೇಗಿತ್ತು ಎಂದು ಈಗ ನೋಡೋಣ.

ಆಡಳಿತ: ಬೆಣ್ಣೆ ಚಾವಡಿಯಿಂದ ಅಮೃತ ಮಹಲ್‌ಗೆ

ವಿಜಯಪುರದ ಆದಿಲ್ ಶಾಹಿಗಳ ಆಸ್ಥಾನದಲ್ಲಿ ಫಾರ್ಸಿಗೆ ದೊಡ್ಡ ಗೌರವವಿತ್ತು. ಆದರೂ 1534ರಿಂದ 1558ರವರೆಗೆ ಆಳಿದ ಒಂದನೇ ಇಬ್ರಾಹಿಂ ಆದಿಲ್ ಶಾಹ್ ಅವರು ಫಾರ್ಸಿಯಲ್ಲಿದ್ದ ಸರ್ಕಾರಿ ಲೆಕ್ಕಪತ್ರಗಳನ್ನು ದೇಶದ ಭಾಷೆಗೆ ಬದಲಾಯಿಸಿ ಬ್ರಾಹ್ಮಣ ಲೆಕ್ಕಿಗರ ಕೈಗೆ ಕೊಟ್ಟರು ಎಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾರೆ. ಕಾರಣ ಸರಳ. ತೆರಿಗೆ ಹುಟ್ಟುವುದು ಹಳ್ಳಿಯಲ್ಲಿ. ಹಳ್ಳಿಯ ಲೆಕ್ಕ ಬಲ್ಲವರು ಬರೆಯುವ ಭಾಷೆಯಲ್ಲೇ ಲೆಕ್ಕ ಇರಬೇಕಾಗುತ್ತದೆ.

1687ರಲ್ಲಿ ಮೊಘಲರು ಶಿರಾವನ್ನು ಕೇಂದ್ರವಾಗಿಸಿಕೊಂಡು ಒಂದು ಸುಬಾ ಕಟ್ಟಿದರು. ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಬೂದಿಹಾಳವೂ ಸೇರಿದ್ದವು. ಇವೆರಡೂ ನಮಗೆ ದೂರದ ಊರುಗಳಲ್ಲ. ತರೀಕೆರೆಯ ಪಾಳೆಯಗಾರರ ಮನೆತನವೂ ಮೊದಲು ಬಸವಾಪಟ್ಟಣ, ಸಂತೆಬೆನ್ನೂರು ಕಡೆಯದೇ. ‘ಸುಬಾ’, ‘ಪರಗಣ’, ‘ಫೌಜುದಾರ’ ಇಂಥ ಪದಗಳು ನಮ್ಮ ಸೀಮೆಯ ಕಿವಿಗೆ ಬಿದ್ದದ್ದು ಇಂಥ ದಾರಿಗಳಲ್ಲೇ.

ಅದೇ ಕಾಲದಲ್ಲಿ ಮೈಸೂರನ್ನು ಆಳುತ್ತಿದ್ದವರು ಚಿಕ್ಕದೇವರಾಜ ಒಡೆಯರು (1673–1704). ಅವರು ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದರು. ಇಲಾಖೆಗಳ ಹೆಸರುಗಳು ಕೇಳಲು ಚೆಂದ: ಪತ್ರವ್ಯವಹಾರಕ್ಕೆ ನಿರೂಪದ ಚಾವಡಿ, ಸುಂಕಕ್ಕೆ ಸುಂಕದ ಚಾವಡಿ, ಗುಪ್ತ ಸುದ್ದಿಗೆ ಬೇಹಿನ ಚಾವಡಿ, ದನಕರುಗಳಿಗೆ ಬೆಣ್ಣೆ ಚಾವಡಿ. ಎಲ್ಲವೂ ಕನ್ನಡದ ಮಾತು. ಆದರೆ ಎಲ್ಲವನ್ನೂ ಸೇರಿಸಿ ಕರೆದದ್ದು ‘ಅಠಾರಾ ಕಚೇರಿ’ ಎಂದು. ಅಠಾರಾ ಎಂದರೆ ಹದಿನೆಂಟು. ನಮ್ಮ ಮನೆಯ ಚಿಕ್ಕ ಮಗುವಿಗೂ ಗೊತ್ತು. ಬೆಂಗಳೂರಿನ ಹೈಕೋರ್ಟ್ ಕಟ್ಟಡವನ್ನು ಇಂದಿಗೂ ಜನ ಅಠಾರಾ ಕಚೇರಿ ಎನ್ನುತ್ತಾರೆ.

ಅಜ್ಜಂಪುರದ ಗೆಳೆಯರು ಈ ಬೆಣ್ಣೆ ಚಾವಡಿಯನ್ನು ವಿಶೇಷವಾಗಿ ಗಮನಿಸಬೇಕು. ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಆ ಇಲಾಖೆಯ ರಾಸುಗಳು ಮುಂದೆ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಸೈನ್ಯದ ಸಾಮಾನು, ತೋಪು ಎಳೆಯುವ ಕೆಲಸಕ್ಕೆ ಬಂದವು. ಟಿಪ್ಪು ಅವರು ಇಲಾಖೆಗೆ ‘ಅಮೃತ ಮಹಲ್’ ಎಂದು ಹೊಸ ಹೆಸರಿಟ್ಟರು. ‘ಅಮೃತ’ ಸಂಸ್ಕೃತ, ‘ಮಹಲ್’ ಅರಬ್ಬಿ. ಫಾರ್ಸಿಯಲ್ಲಿ ಹುಕುಂ ಹೊರಡಿಸುತ್ತಿದ್ದ ದೊರೆ ಇಲಾಖೆಗೆ ಹೆಸರಿಡುವಾಗ ಸಂಸ್ಕೃತದ ಪದವನ್ನು ಬಿಡಲಿಲ್ಲ. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದ ಬೋರ್ಡಿನ ಮೇಲೆ ನೀವು ಓದುವುದು ಅದೇ ಹೆಸರು.

ಹೈದರ್ ಕಾಲದಲ್ಲಿ ಸರ್ಕಾರದ ಲೆಕ್ಕ ಕನ್ನಡದಲ್ಲೂ ಮರಾಠಿಯಲ್ಲೂ ನಡೆಯುತ್ತಿತ್ತು. ಟಿಪ್ಪು ಕಾಲದಲ್ಲಿ ಫಾರ್ಸಿಯ ಬಳಕೆ ಹೆಚ್ಚಿತು. ಅವರ ಕಂದಾಯದ ಕಾಯಿದೆಗಳು ಫಾರ್ಸಿಯಲ್ಲಿದ್ದವು. ಬರ್ರಿಷ್ ಕ್ರಿಸ್ಪ್ ಎಂಬ ಇಂಗ್ಲಿಷರವನು ಅವನ್ನು ಇಂಗ್ಲಿಷಿಗೆ ತಂದು 1792ರಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದನು. ಗೆಲ್ಲಬೇಕಾದ ರಾಜ್ಯದ ತೆರಿಗೆ ನಿಯಮವನ್ನು ಕಂಪನಿಯವರು ಮೊದಲೇ ಓದಿ ಇಟ್ಟುಕೊಂಡಿದ್ದರು.

ವ್ಯಾಪಾರ: ನಾಣ್ಯ ಯಾವ ಭಾಷೆ ಮಾತಾಡಿತು?

ವಾಣಿಜ್ಯದ ವಿದ್ಯಾರ್ಥಿಯಾಗಿ ನನಗೆ ಹೆಚ್ಚು ಹಿಡಿಸಿದ್ದು ನಾಣ್ಯಗಳ ಕಥೆ. ಹಣಕ್ಕೆ ಬೇಕಾದ ಮೊದಲ ಗುಣ ಎಲ್ಲರೂ ಅದನ್ನು ಒಪ್ಪಿಕೊಳ್ಳುವುದು ಎಂದು ಅರ್ಥಶಾಸ್ತ್ರದಲ್ಲಿ ಓದುತ್ತೇವೆ. ಕ್ರುಸೇಡಿನ ದೊರೆಗಳು ಚಿನ್ನದ ನಾಣ್ಯ ಹೊಡೆಸುವಾಗ ಈಜಿಪ್ಟಿನ ದಿನಾರನ್ನೇ ನಕಲು ಮಾಡಿದರು, ಅರಬ್ಬಿ ಬರಹವೂ ಸೇರಿ. ಪೇಟೆಯ ಜನ ನಂಬುತ್ತಿದ್ದದ್ದು ಆ ನಾಣ್ಯವನ್ನು. ಸುಮಾರು 1250ರಲ್ಲಿ ಪೋಪರ ಪ್ರತಿನಿಧಿ ಇದಕ್ಕೆ ಆಕ್ಷೇಪಿಸಿದರು. ಆಗ ಅಕ್ಕಾದಲ್ಲಿ ಹೊಸ ನಾಣ್ಯ ಬಂತು. ಅದರ ಮೇಲೆ ಶಿಲುಬೆ ಇತ್ತು, ಕ್ರೈಸ್ತ ಧರ್ಮದ ಮಾತು ಇತ್ತು. ಆದರೆ ಆ ಮಾತನ್ನು ಬರೆದದ್ದು ಅರಬ್ಬಿಯಲ್ಲೇ! ಅರ್ಥ ಬದಲಾಯಿತು, ಅಕ್ಷರ ಬದಲಾಗಲಿಲ್ಲ.

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದರು. ಅದೇ ಮುಂದೆ ನಗರ ಎಂದು ಹೆಸರಾಯಿತು. ಮಲೆನಾಡಿನ ಮೆಣಸು, ಅಡಿಕೆಯ ವ್ಯಾಪಾರ ನಡೆಯುತ್ತಿದ್ದದ್ದು ಶಿವ ಪಾರ್ವತಿಯರ ಚಿತ್ರವಿದ್ದ ಇಕ್ಕೇರಿಯ ವರಹದಲ್ಲಿ. ಹೈದರ್ ಆ ಚಿತ್ರವನ್ನು ಅಳಿಸಲಿಲ್ಲ. ತಮ್ಮ ಬಹಾದುರಿ ವರಹದ ಒಂದು ಮುಖದಲ್ಲಿ ಶಿವ ಪಾರ್ವತಿಯರನ್ನೇ ಉಳಿಸಿಕೊಂಡು, ಇನ್ನೊಂದು ಮುಖದಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ‘ಹೇ’ಯನ್ನು ಅರಬ್ಬಿ ಲಿಪಿಯಲ್ಲಿ ಹಾಕಿಸಿದರು. ವರ್ತಕನಿಗೆ ಬೇಕಾದದ್ದು ಒಂದು ಕಡೆ, ಸರ್ಕಾರಕ್ಕೆ ಬೇಕಾದದ್ದು ಇನ್ನೊಂದು ಕಡೆ.

1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬಂದ ತಾಮ್ರದ ಕಾಸುಗಳಲ್ಲಿ ಕನ್ನಡ, ಫಾರ್ಸಿ, ಇಂಗ್ಲಿಷ್ ಮೂರೂ ಇವೆ. ಕಾಸಿನ ಬೆಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದ್ದರೆ, ಮೈಸೂರಿನಲ್ಲಿ ಹೊಡೆದದ್ದು ಎಂಬ ಮಾತು ಫಾರ್ಸಿಯಲ್ಲಿದೆ. ಒಡೆಯರ ರಾಜ್ಯ, ಹಿಂದಿನ ಆಡಳಿತದ ರೂಢಿ, ಕಂಪನಿಯ ಹಿಡಿತ, ಮೂರೂ ಒಂದು ಚಿಕ್ಕ ಕಾಸಿನಲ್ಲಿ ಕಾಣುತ್ತವೆ.

ವರ್ತಕರು ಲೆಕ್ಕ ಬರೆಯುತ್ತಿದ್ದದ್ದು ಕಡತಗಳಲ್ಲಿ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು ಒಣಗಿಸಿ ಮಡಚಿದ ಕಪ್ಪು ಪುಸ್ತಕ ಅದು. ಬಳಪದಲ್ಲಿ ಬರೆಯಬೇಕು. ಬಟ್ಟೆಯ ಕಡತ ಹೋಯಿತು, ಹೆಸರು ಉಳಿಯಿತು. ಈಗ ಸರ್ಕಾರಿ ಫೈಲಿಗೆ ಕಡತ ಎನ್ನುತ್ತೇವೆ. ಲೆಕ್ಕದ ಪದಗಳನ್ನೂ ನೋಡಿ. ಜಮಾ, ಬಾಕಿ, ವಸೂಲಿ, ನಗದು, ಅಸಲು, ಕರಾರು, ಜಾಮೀನು, ದಲ್ಲಾಳಿ ಇವೆಲ್ಲ ಮೂಲದಲ್ಲಿ ಅರಬ್ಬಿ. ಖರ್ಚು, ರಸೀದಿ, ಗುಮಾಸ್ತ ಫಾರ್ಸಿ. ಕಿರ್ದಿ ಪುಸ್ತಕದ ಹೆಸರು ಮರಾಠಿ ಲೆಕ್ಕಿಗರ ಬಳಕೆಯದು. ‘ಸಾಲ’, ‘ಬಡ್ಡಿ’, ‘ಲೆಕ್ಕ’, ‘ಸುಂಕ’ ಮಾತ್ರ ಹಳೆಯ ಜಾಗದಲ್ಲೇ ಕೂತಿವೆ. ಅಡಿಕೆ ಮಂಡಿಯಲ್ಲಿ ಒಂದು ಗಂಟೆ ನಿಂತರೆ ಈ ಎಲ್ಲ ಪದಗಳೂ ಕಿವಿಗೆ ಬೀಳುತ್ತವೆ. ಯಾವುದು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಮೂಟೆ ತೂಗಿದ ಮೇಲೆ ಖಾಲಿ ಚೀಲದ ತೂಕ ಕಳೆಯುವ ‘ಟೇರ್’ ಕೂಡ ಅರಬ್ಬಿಯ ‘ತರಹ್’, ಅಂದರೆ ಕಳೆಯುವುದು, ಎಂಬ ಮಾತಿನಿಂದ ಯುರೋಪಿಗೆ ಹೋಗಿ ಇಂಗ್ಲಿಷಿನ ಮೂಲಕ ನಮ್ಮ ತಕ್ಕಡಿಗೆ ಬಂದದ್ದು.

ರಾಜತಾಂತ್ರಿಕತೆ: ವಕೀಲ ಎಂದರೆ ರಾಯಭಾರಿ

ಇಂದು ವಕೀಲರೆಂದರೆ ಕೋರ್ಟಿನ ಕಪ್ಪು ಕೋಟು. ಹದಿನೆಂಟನೆಯ ಶತಮಾನದಲ್ಲಿ ‘ವಕೀಲ’ ಎಂದರೆ ಒಬ್ಬ ದೊರೆಯ ಪರವಾಗಿ ಇನ್ನೊಬ್ಬರ ಆಸ್ಥಾನದಲ್ಲಿ ಮಾತಾಡುವವನು. ಟಿಪ್ಪು ಅವರು ಕಂಪನಿಯೊಂದಿಗೆ ಸಂಧಾನಕ್ಕೆ ಮದ್ರಾಸಿಗೆ ಕಳಿಸಿದ ವಕೀಲರು ಅಪ್ಪಾಜಿ ರಾಮ್ ಮತ್ತು ಶ್ರೀನಿವಾಸ ರಾವ್. ಈ ಮಾತುಕತೆಯ ಹಾದಿ ಮುಗಿದದ್ದು 1784ರ ಮಂಗಳೂರು ಒಪ್ಪಂದದಲ್ಲಿ. ಕಾನ್‌ಸ್ಟಾಂಟಿನೋಪಲ್‌ಗೆ 1786ರಲ್ಲಿ ಹೊರಟ ನಿಯೋಗದ ಮುಖ್ಯಸ್ಥರು ಗುಲಾಂ ಅಲಿ ಖಾನ್. ಆ ಪ್ರಯಾಣದ ದಿನಚರಿ ಫಾರ್ಸಿಯಲ್ಲಿದೆ. ಯಾರ ಬಳಿ ಯಾವ ಮಾತು ನಡೆಯುತ್ತದೆ ಎಂಬುದನ್ನು ನೋಡಿ ಆಳು ಆರಿಸುತ್ತಿದ್ದರು.

ಇದಕ್ಕಿಂತ ಹಿಂದೆ, 1623ರಲ್ಲಿ, ಗೋವಾದ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕರ ಬಳಿಗೆ ರಾಯಭಾರಿಯನ್ನು ಕಳಿಸಿದರು. ಜೊತೆಗೆ ಬಂದಿದ್ದ ಇಟಲಿಯ ಪಿಯೆತ್ರೊ ಡೆಲ್ಲಾ ವಾಲ್ಲೆ ಆ ಪ್ರಯಾಣವನ್ನು ಬರೆದಿಟ್ಟಿದ್ದಾರೆ. ಗೋವಾದಲ್ಲಿ ನಾಯಕರ ಪ್ರತಿನಿಧಿಯಾಗಿದ್ದವರು ವಿಠಲ ಶೆಣೈ. ನಮ್ಮ ಕರಾವಳಿಯಲ್ಲಿ ಪೋರ್ಚುಗೀಸ್ ಎಷ್ಟು ಬೇರೂರಿತ್ತೆಂದರೆ ಮುಂದೆ ಬಂದ ಇಂಗ್ಲಿಷರೂ ಆ ಭಾಷೆಯಲ್ಲೇ ವ್ಯವಹಾರ ಮಾಡಬೇಕಾಯಿತು. ಇಂದಿಗೂ ನಾವು ಬೀಗಕ್ಕೆ ಹಾಕುವ ‘ಚಾವಿ’ ಅವರದ್ದು.

ನಮ್ಮದೇ ಜಿಲ್ಲೆಯಲ್ಲಿ ಇದಕ್ಕೊಂದು ಒಳ್ಳೆಯ ಸಾಕ್ಷಿ ಇದೆ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ ಶೃಂಗೇರಿ ಮಠದಲ್ಲಿ ಟಿಪ್ಪು ಸುಲ್ತಾನರ ಪತ್ರಗಳ ಒಂದು ಕಟ್ಟು ಸಿಕ್ಕಿತು. ಸುಮಾರು ಮೂವತ್ತು ಪತ್ರ. ಅವು ಕನ್ನಡದಲ್ಲಿವೆ. 1791ರಲ್ಲಿ ಮರಾಠರ ಸೈನ್ಯದ ಕಡೆಯವರು ಮಠವನ್ನು ಲೂಟಿ ಮಾಡಿದ ನಂತರ ಬರೆದ ಪತ್ರಗಳೂ ಅದರಲ್ಲಿವೆ. ತುರ್ಕಿಯ ಸುಲ್ತಾನರಿಗೆ ಫಾರ್ಸಿ, ಶೃಂಗೇರಿಯ ಸ್ವಾಮಿಗಳಿಗೆ ಕನ್ನಡ. ಓದುವವರು ಯಾರು ಎಂಬುದು ಮುಖ್ಯವಾಗಿತ್ತು.

ನಡುವೆ ನಿಂತವನು

ಇಷ್ಟು ಭಾಷೆಗಳಿದ್ದಾಗ ನಡುವೆ ಒಬ್ಬ ಬೇಕೇ ಬೇಕು. ನಾವು ಅವನನ್ನು ದುಭಾಷಿ ಎಂದೆವು. ಅರಬ್ಬಿಯಲ್ಲಿ ಅವನು ‘ತರ್ಜುಮಾನ್’. ನಮ್ಮ ‘ತರ್ಜುಮೆ’ ಅದೇ ಕುಟುಂಬದ ಪದ. 1191ರಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್ ಮತ್ತು ಸಲಾಹುದ್ದೀನರ ತಮ್ಮ ಅಲ್ ಆದಿಲ್ ಮಾತುಕತೆಗೆ ಕೂತಾಗ ನಡುವೆ ಇದ್ದವನು ಅರಬ್ಬಿ ಬಲ್ಲ ಹಂಫ್ರೆ ಎಂಬ ಸರದಾರ. ಎರಡು ಸೈನ್ಯಗಳ ವಿಷಯ ಒಬ್ಬನ ನಾಲಗೆಯ ಮೇಲೆ ನಿಂತಿತ್ತು.

ಹೈದರ್ ಅಲಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದುಸ್ತಾನಿ ಐದೂ ಮಾತಾಡುತ್ತಿದ್ದರು. 1779ರಲ್ಲಿ ಮದ್ರಾಸಿನ ಕಂಪನಿ ಸರ್ಕಾರ ಹಿಂದುಸ್ತಾನಿ ಬಲ್ಲ ಷ್ವಾರ್ಟ್ಸ್ ಎಂಬ ಪಾದ್ರಿಯನ್ನು ಅವರ ಬಳಿಗೆ ಕಳಿಸಿತು. ಶ್ರೀರಂಗಪಟ್ಟಣದಲ್ಲಿ ಕಂಡದ್ದನ್ನು ಷ್ವಾರ್ಟ್ಸ್ ಬರೆದಿದ್ದಾರೆ. ಹೈದರ್ ಒಬ್ಬನಿಂದ ಪತ್ರ ಬರೆಸಿ ಓದಿಸುತ್ತಿದ್ದರು. ಆಮೇಲೆ ಇನ್ನೊಬ್ಬನನ್ನು ಕರೆದು ಅದೇ ಪತ್ರವನ್ನು ಮತ್ತೆ ಓದಿಸುತ್ತಿದ್ದರು. ಹೇಳಿದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸ ಬಂದರೆ ಬರೆದವನ ತಲೆ ಹೋಗುತ್ತಿತ್ತು. ಶಿಕ್ಷೆಯನ್ನು ಬದಿಗಿಟ್ಟು ನೋಡಿದರೆ, ಒಬ್ಬನ ಕೆಲಸವನ್ನು ಇನ್ನೊಬ್ಬನಿಂದ ಪರೀಕ್ಷಿಸುವ ಈ ಪದ್ಧತಿಗೆ ಲೆಕ್ಕಶಾಸ್ತ್ರದಲ್ಲಿ ಆಂತರಿಕ ತಪಾಸಣೆ ಎನ್ನುತ್ತೇವೆ.

ಇದು ರಾಜರ ಕಾಲದ ಮಾತು ಮಾತ್ರವಲ್ಲ. ನಮ್ಮ ದಾದಾ ತೀರಿಕೊಂಡ ಮೇಲೆ ಅವರ ಹೆಸರಿನ ಒಂದು ಎಕರೆ ಹನ್ನೆರಡು ಗುಂಟೆ ತೋಟವನ್ನು ಅಬ್ಬಾ ಹೆಸರಿಗೆ ಮಾಡಿಸಬೇಕಿತ್ತು. ಅಬ್ಬಾ ತೆಂಗಿನಕಾಯಿ ವ್ಯಾಪಾರ ಮಾಡುತ್ತಾರೆ. ರೈತರೊಂದಿಗೆ ಕನ್ನಡದಲ್ಲಿ ಚೆನ್ನಾಗಿ ಚೌಕಾಸಿ ಮಾಡುತ್ತಾರೆ. ಆದರೆ ಓದಿದ್ದು ಉರ್ದು ಶಾಲೆಯಲ್ಲಿ ನಾಲ್ಕನೆಯ ತರಗತಿ. ಕನ್ನಡ ಓದಲು ಬರುವುದಿಲ್ಲ. ಕಾಗದ ಮಾಡಿಸಿಕೊಡುತ್ತೇನೆಂದ ಒಬ್ಬ ಮಧ್ಯವರ್ತಿ ಪಹಣಿ ನೋಡಿ, “ಸಾಬ್ರೇ, ಜಮೀನು ಖರಾಬು ಅಂತ ಬಂದಿದೆ, ಯಾರಿಗಾದರೂ ಬಂದಷ್ಟಕ್ಕೆ ಕೊಟ್ಟುಬಿಡಿ” ಎಂದ. ಮನೆಯಲ್ಲಿ ಖರಾಬು ಎಂದರೆ ಕೆಟ್ಟುಹೋದದ್ದು. ಹಾಲು ಖರಾಬು, ಗಾಡಿ ಖರಾಬು. ದಾದಾ ಕೈಯಾರೆ ನೆಟ್ಟ ತೋಟ ಖರಾಬು ಹೇಗಾಯಿತು ಎಂದು ಅಬ್ಬಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾನು ಪಹಣಿ ತೆಗೆದು ಓದಿದೆ. ಒಟ್ಟು ವಿಸ್ತೀರ್ಣ ಒಂದು ಎಕರೆ ಹನ್ನೆರಡು ಗುಂಟೆ. ಅದರಲ್ಲಿ ಖರಾಬು ಮೂರು ಗುಂಟೆ. ಉಳಿದದ್ದು ಒಂದು ಎಕರೆ ಒಂಬತ್ತು ಗುಂಟೆ. ಕಂದಾಯದ ಭಾಷೆಯಲ್ಲಿ ಖರಾಬು ಎಂದರೆ ಸಾಗುವಳಿಗೆ ಬಾರದ ಭಾಗ: ಬಂಡೆ, ಕಣ, ಹಳ್ಳ, ದಾರಿ ಇಂಥದ್ದು. ಕಂದಾಯ ಹಾಕುವಾಗ ಅಷ್ಟನ್ನು ಕಳೆಯುತ್ತಾರೆ. ಮೂರು ಗುಂಟೆಯ ಮಾತನ್ನು ಆತ ಇಡೀ ತೋಟಕ್ಕೆ ಹೊದಿಸಿದ್ದ. ಅದೇ ಪಹಣಿಯಲ್ಲಿ ‘ಬಾಗಾಯ್ತು’ ಎಂದಿತ್ತು, ಅಂದರೆ ತೋಟ, ನಮ್ಮ ‘ಬಾಗ್’. ಒಣ ಜಮೀನಿಗೆ ‘ಖುಷ್ಕಿ’, ನೀರಿನ ಜಮೀನಿಗೆ ‘ತರಿ’, ಅವೂ ಫಾರ್ಸಿಯೇ. ಮಾಡಿಸಬೇಕಿದ್ದ ಖಾತೆಯ ಹೆಸರು ‘ಫೌತಿ ಖಾತೆ’. ಯಾರಾದರೂ ತೀರಿಕೊಂಡರೆ ನಮ್ಮ ಮನೆಯಲ್ಲಿ ‘ಫೌತ್ ಹೋಗಯೆ’ ಎನ್ನುತ್ತೇವೆ. ನಾನು ಒಂದೊಂದೇ ಪದ ಓದಿದಂತೆ ಅಬ್ಬಾ, “ಇದೆಲ್ಲ ನಮ್ಮ ಮಾತೇ ಅಲ್ಲವಾ ಬೇಟಾ?” ಎಂದರು. ಮಾತು ಗೊತ್ತಿತ್ತು, ಅಕ್ಷರ ಗೊತ್ತಿರಲಿಲ್ಲ. ಆ ಅಂತರದಲ್ಲೇ ಒಬ್ಬ ಹೊರಗಿನವನು ಬಂದು ನಿಂತಿದ್ದ. ತೋಟ ಮಾರಲಿಲ್ಲ. ಈಗ ಅದು ಅಬ್ಬಾ ಹೆಸರಿಗೆ ಆಗಿದೆ.

ನಮಗೆ ಇದರಿಂದ ಏನು?

ಉರ್ದು ಮನೆಯ ಕೆಲವು ಗೆಳೆಯರು ಕಚೇರಿಯ ಕನ್ನಡ ಕಷ್ಟ, ಅದು ನಮ್ಮದಲ್ಲ ಎನ್ನುವುದನ್ನು ಕೇಳಿದ್ದೇನೆ. ಕನ್ನಡ ಮನೆಯ ಗೆಳೆಯರೂ ಪಹಣಿಯ ಪದ ಅರ್ಥವಾಗುವುದಿಲ್ಲ ಎನ್ನುತ್ತಾರೆ. ಇಬ್ಬರದೂ ನಿಜ. ಈ ಕಾಗದದ ಪದಗಳು ಒಬ್ಬರ ಮನೆಯವು, ಲಿಪಿ ಮತ್ತು ವಾಕ್ಯ ಇನ್ನೊಬ್ಬರ ಮನೆಯವು. ತಾಂಡಾದಿಂದ ಬರುವ ಲಂಬಾಣಿ ಮಾತಿನ ಗೆಳೆಯರಿಗೆ ಎರಡೂ ಹೊರಗಿನವು. ಆದರೂ ಅವರು ಮೂರು ಭಾಷೆ ಕಲಿತು ನಮ್ಮ ಜೊತೆ ಕೂತಿದ್ದಾರೆ. ಒಂದೇ ಬೆಂಚಿನಲ್ಲಿ ಕೂತು ಓದಿದರೆ ನಮ್ಮಲ್ಲಿ ಯಾರಿಗೂ ಮಧ್ಯವರ್ತಿ ಬೇಕಾಗುವುದಿಲ್ಲ.

ಅದಕ್ಕೆ ಒಂದು ಸಣ್ಣ ಕೆಲಸ ಸೂಚಿಸುತ್ತೇನೆ. ಈ ರಜೆಯಲ್ಲಿ ನಿಮ್ಮ ಮನೆಯ ಒಂದು ಕಾಗದ ತೆಗೆಯಿರಿ: ಪಹಣಿ, ಕ್ರಯಪತ್ರ, ಸಾಲದ ರಸೀದಿ, ಯಾವುದಾದರೂ ಸರಿ. ಹಿರಿಯರ ಪಕ್ಕ ಕೂತು ಗಟ್ಟಿಯಾಗಿ ಓದಿ. ಅರ್ಥವಾಗದ ಪದದ ಕೆಳಗೆ ಗೆರೆ ಹಾಕಿ, ಬೇರೆ ಭಾಷೆಯ ಮನೆಯ ಗೆಳೆಯನನ್ನೋ ಗೆಳತಿಯನ್ನೋ ಕೇಳಿ. ಹೈದರ್ ಅಲಿಯವರಂತೆ ಎರಡನೆಯವರಿಂದ ಇನ್ನೊಮ್ಮೆ ಓದಿಸಿ. ಹೆಬ್ಬೆಟ್ಟು ಒತ್ತುವುದು, ಸಹಿ ಹಾಕುವುದು ಅದಾದ ಮೇಲೆ.